ಗಿರಿಜಮ್ಮನ ಪಿಕಪ್ಪಿಗೆ ಕೂರಿಸಿದ ಡೀಸೆಲ್ ಎಂಜಿನ್

ನಾನು ಗ್ಯಾರೇಜು ಬಿಟ್ಟರೂ ಹುಡುಗರು ನನ್ನನ್ನು ಬಿಟ್ಟಿಲ್ಲ. ಸಂಜೆ ಜನ್ನಾಪುರದ ಬಸ್ ಸ್ಟಾಪಿನ ಹತ್ತಿರ ಟೀ ಕುಡಿಯುತ್ತ ಕೂತರೆ ಯಾರಾದರೊಬ್ಬ ಬಂದು ಮೊಬೈಲನ್ನು ಮೂಗಿಗೆ ತಗಲುವಷ್ಟು ಹತ್ತಿರ ಹಿಡಿಯುತ್ತಾನೆ. ಅದರಲ್ಲಿ ಯಾವುದೋ ದೇಶದ ಯಾರೋ ಒಬ್ಬ ಹಳೆಯ ಪಿಕಪ್ಪಿನ ಬಾನೆಟ್ ತೆಗೆದು, ಬೇರೆ ಎಂಜಿನ್ ಇಳಿಸಿ, ಒಂದು ಹಾಡು ಮುಗಿಯುವುದರೊಳಗೆ ಗಾಡಿಯನ್ನು ರಸ್ತೆಗೆ ಬಿಟ್ಟಿರುತ್ತಾನೆ. "ಅಂಕಲ್, ನಮ್ಮ ಗಾಡಿಗೆ ಇದು ಕೂರುತ್ತಾ?" ಎಂದು ಕೇಳುತ್ತಾರೆ. ಕೂರುತ್ತೆ ಮಾರಾಯ ಎನ್ನುತ್ತೇನೆ. ಕೂರಿಸುವವನಿಗೆ ತಾಳ್ಮೆಯಿದ್ದರೆ ಯಾವ ಎಂಜಿನ್ ಬೇಕಾದರೂ ಯಾವ ಗಾಡಿಯಲ್ಲಿ ಬೇಕಾದರೂ ಕೂರುತ್ತದೆ. ಕೇಳಬೇಕಾದ ಪ್ರಶ್ನೆ ಅದಲ್ಲ. ಕೇಳಬೇಕಾದ್ದು ಯಾವುದು ಅನ್ನುವುದು ನನಗೆ ಗೊತ್ತಾಗುವ ಹೊತ್ತಿಗೆ ನನ್ನ ಮಂಡಿ ಸವೆದಿತ್ತು. ಅದನ್ನು ಟೀ ಅಂಗಡಿಯಲ್ಲಿ ನಿಂತು ಹೇಳಲು ಆಗುವುದಿಲ್ಲವಾದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಕೆಲಸದ ವಿಷಯ ಹೇಳಿಬಿಡುತ್ತೇನೆ. ಎಂಜಿನ್ ಬದಲಿಸುವುದೆಂದರೆ ಒಂದನ್ನು ಇಳಿಸಿ ಇನ್ನೊಂದನ್ನು ಏರಿಸುವುದಲ್ಲ. ಏರಿಸುವುದು ಸರಪಳಿ ರಾಟೆಯ, ಅಂದರೆ ಚೈನ್ ಬ್ಲಾಕಿನ ಕೆಲಸ, ಅದಕ್ಕೆ ಬುದ್ಧಿ ಬೇಡ. ಏರಿಸಿದ ಮೇಲೆ ಶುರುವಾಗುತ್ತದೆ ಪೀಕಲಾಟ. ಹೊಸ ಎಂಜಿನ್ನಿನ ಬೋಲ್ಟಿನ ತೂತುಗಳು ಹಳೆಯ ಗೇರ್ ಬಾಕ್ಸಿಗೆ ಹೊಂದುವುದಿಲ್ಲ, ಎರಡರ ಮಧ್ಯೆ ಒಂದು ಪ್ಲೇಟು ಮಾಡಿಸಬೇಕು. ಆ ಪ್ಲೇಟಿನ ನಡುಗುರುತು ಕೂದಲೆಳೆಯಷ್ಟು ತಪ್ಪಿದರೂ ಕ್ಲಚ್ಚು ಕೆಲವೇ ತಿಂಗಳಲ್ಲಿ ಮಣ್ಣುಪಾಲು. ಎಂಜಿನ್ ಕೂರುವ ರಬ್ಬರಿನ ಬುಡಕ್ಕೆ ನಾವು ಫೌಂಡೇಶನ್ ಅನ್ನುತ್ತೇವೆ, ಅದನ್ನು ಚಾಸಿಸ್ ಮೇಲೆ ಹೊಸದಾಗಿ ಬೆಸೆಯಬೇಕು. ರೇಡಿಯೇಟರ್ ಸಾಲುವುದಿಲ್ಲ. ಸೈಲೆನ್ಸರ್ ಪೈಪು ಸ್ಟೇರಿಂಗ್ ರಾಡಿಗೆ ತಾಗುತ್ತದೆ. ಗೇರ್ ಕಡ್ಡಿ ಡ್ರೈವರನ ತೊಡೆಯ ಮೇಲೆ ಬಂದು ಕೂರುತ್ತದೆ. ಇದನ್ನೆಲ್ಲ ಸರಿಮಾಡಿ ಕೊನೆಗೆ ಬಾನೆಟ್ ಹಾಕಲು ಹೋದರೆ ಅದು ಮುಚ್ಚುವುದಿಲ್ಲ. ಬಾನೆಟ್ ಮುಚ್ಚದ ಗಾಡಿಯ ಮುಂದೆ ತಲೆ ಮೇಲೆ ಕೈ ಹೊತ್ತು ಕೂತ ಮಧ್ಯಾಹ್ನಗಳು ನನಗೆ ನನ್ನ ಮದುವೆಗಿಂತ ಚೆನ್ನಾಗಿ ನೆನಪಿವೆ.

ನಾನು ಕಲಿತದ್ದು ಶಿವಮೊಗ್ಗದಲ್ಲಿ, ಗಫೂರ್ ಸಾಬರ ಹತ್ತಿರ. ಉಸ್ತಾದ್ ಅನ್ನುತ್ತಿದ್ದೆವು. ಬೈಗುಳದಲ್ಲಿ ಅವರನ್ನು ಮೀರಿಸಿದವರು ಇರಲಿಲ್ಲ, ಕೆಲಸದಲ್ಲೂ ಇರಲಿಲ್ಲ. ಎಂಜಿನ್ ಕೂರಿಸಿ ಮುಗಿದ ಮೇಲೆ ಅವರದೊಂದು ಪದ್ಧತಿಯಿತ್ತು. ಒಂದು ಸ್ಟೀಲ್ ಲೋಟದ ತುಂಬ, ಅಂಚಿಗೆ ಮುಟ್ಟುವ ಹಾಗೆ, ನೀರು ಹಾಕಿ ಓಡುತ್ತಿರುವ ಎಂಜಿನ್ನಿನ ತಲೆಯ ಮೇಲೆ ಇಡುತ್ತಿದ್ದರು. ಫೌಂಡೇಶನ್ ಸರಿಯಾಗಿ ಕೂತಿದ್ದರೆ, ನಡುಗುರುತು ತಪ್ಪದೆ ಇದ್ದರೆ, ನೀರಿನ ಮೇಲೆ ಸಣ್ಣ ಉಂಗುರಗಳು ಏಳುತ್ತವೆಯೇ ಹೊರತು ಒಂದು ಹನಿ ಚೆಲ್ಲುವುದಿಲ್ಲ. ಚೆಲ್ಲಿದರೆ ಎಲ್ಲ ಬಿಚ್ಚಬೇಕು. ಗಿರಾಕಿ ಎದುರಿಗೇ ನಿಂತು ಅವಸರ ಮಾಡುತ್ತಿದ್ದರೂ ಉಸ್ತಾದರು ಜಗ್ಗುತ್ತಿರಲಿಲ್ಲ. "ನೀರು ಹೇಳ್ತದೆ, ನಾನು ಕೇಳ್ತೀನಿ. ನೀವು ಚಾಯ್ ಕುಡೀರಿ ಸಾಹೇಬ್ರೆ," ಎನ್ನುತ್ತಿದ್ದರು. ನೀರು ಅಲುಗದೆ ನಿಂತಾಗ ಆ ಲೋಟದ ನೀರನ್ನು ಅವರೇ ಕುಡಿದುಬಿಡುತ್ತಿದ್ದರು. ಅದೇ ನಮಗೆ ಸರ್ಟಿಫಿಕೇಟು.

ಅವರ ಕೈಕೆಳಗೆ ನಾನು ಮಾಡಿದ ದೊಡ್ಡ ಎಡವಟ್ಟನ್ನೂ ಹೇಳುತ್ತೇನೆ, ಹುಡುಗರಿಗೆ ಧೈರ್ಯ ಬರಲಿ. ಒಂದು ಬೇಕರಿಯವರ ಗಾಡಿಗೆ ಬೇರೆ ಎಂಜಿನ್ ಹಾಕುತ್ತಿದ್ದೆವು. ಹಿಂದಿನ ಆಕ್ಸಲ್ಲನ್ನೂ ಇಳಿಸಿ ತೊಳೆದಿದ್ದೆವು. ಉಸ್ತಾದರು ನಮಾಜಿಗೆ ಹೋಗಿದ್ದಾಗ ನಾನು ಜಾಣತನ ತೋರಿಸಲು ಹೋಗಿ ಆಕ್ಸಲ್ಲನ್ನು ತಲೆಕೆಳಗು ಮಾಡಿ ಕೂರಿಸಿಬಿಟ್ಟೆ. ಎರಡೂ ಕಡೆ ಒಂದೇ ಥರ ಕಾಣುತ್ತದೆ, ಬೋಲ್ಟೂ ಚೆನ್ನಾಗಿ ಹೊಂದಿತು. ಲೋಟದ ನೀರು ಅಲುಗಲಿಲ್ಲ. ಉಸ್ತಾದರು ಕುಡಿದರು. ನಾನು ಎದೆಯುಬ್ಬಿಸಿ ಸೀಟಿನಲ್ಲಿ ಕೂತು ಫಸ್ಟ್ ಗೇರು ಹಾಕಿ ಕ್ಲಚ್ಚು ಬಿಟ್ಟೆ. ಗಾಡಿ ಹಿಂದಕ್ಕೆ ಹೋಗಿ ಪಕ್ಕದ ಪಂಚರ್ ಅಂಗಡಿಯ ಟೈರುಗಳ ರಾಶಿಗೆ ಗುದ್ದಿತು. ಸೆಕೆಂಡು ಹಾಕಿದೆ, ಇನ್ನೂ ಜೋರಾಗಿ ಹಿಂದಕ್ಕೆ ಹೋಯಿತು. ಆಕ್ಸಲ್ ತಿರುವುಮುರುವಾದರೆ ಚಕ್ರವೂ ಉಲ್ಟಾ ತಿರುಗುತ್ತದೆ. ಉಸ್ತಾದರು ಬೈಯಲಿಲ್ಲ, ಅಲ್ಲೇ ಕೂತು ಹೊಟ್ಟೆ ಹಿಡಿದುಕೊಂಡು ನಕ್ಕರು. "ಅರೇ ನಾಗರಾಜ, ಗಾಡಿಗೆಲ್ಲಾ ರಿವರ್ಸೇ ಕೊಟ್ಟಿದೀಯಲ್ಲೋ! ಪಾಪ, ಬೇಕರಿಯವರು ಶಿಕಾರಿಪುರಕ್ಕೆ ಅಂತ ಹೊರಟ್ರೆ ಭದ್ರಾವತಿ ತಲುಪ್ತಾರೆ." ಆಮೇಲೆ ಎಷ್ಟೋ ವರ್ಷ ನಾನು ಆ ಬೀದಿಗೆ ಹೋದರೆ ಪಂಚರ್ ಅಂಗಡಿಯವನು ಟೈರುಗಳನ್ನು ಒಳಗೆ ಎಳೆದುಕೊಳ್ಳುವ ನಾಟಕ ಮಾಡುತ್ತಿದ್ದ.

ಅಂಥ ತಪ್ಪುಗಳಿಗೆ ನನಗೆ ಬೇಸರವಿಲ್ಲ. ಬಿಚ್ಚಿ ಮತ್ತೆ ಕಟ್ಟಿದರೆ ಅವು ಮುಗಿದುಹೋಗುತ್ತವೆ. ನಕ್ಕು ಮರೆಯಬಹುದು.

ಮುಂದೆ ಸ್ವಂತ ಗ್ಯಾರೇಜು ಹಾಕಿದ್ದು ಭದ್ರಾವತಿಯಲ್ಲಿ, ಇದೇ ಜನ್ನಾಪುರದಲ್ಲಿ. ಎಂಜಿನ್ ಬದಲಿಸುವವನಿಗೆ ಆಗ ಇದಕ್ಕಿಂತ ಒಳ್ಳೆಯ ಊರು ಇರಲಿಲ್ಲ. ಊರಿನ ಉಕ್ಕಿನ ಕಾರ್ಖಾನೆಯ ದೆಸೆಯಿಂದ ಕಬ್ಬಿಣ ಬಲ್ಲವರು ಬೀದಿಗೊಬ್ಬರು ಸಿಗುತ್ತಿದ್ದರು. ತಮಿಳರು, ತೆಲುಗರು, ನಮ್ಮವರು, ಎಲ್ಲ ಸೇರಿ ಕಬ್ಬಿಣ ಕಡೆಯುವ ಲೇತ್ ಮುಂದೆ ನಿಂತರೆ ಒಂದೇ ಭಾಷೆ. ನನಗೆ ಸಿಕ್ಕವನು ಸೆಲ್ವರಾಜ್. ನ್ಯೂ ಟೌನಿನ ಹತ್ತಿರ ಅವನದೊಂದು ಲೇತ್ ಅಂಗಡಿ. ನಾನು ಗೇರ್ ಬಾಕ್ಸು, ಎಂಜಿನ್ನು ಎರಡನ್ನೂ ತಳ್ಳುಗಾಡಿಯಲ್ಲಿ ಅವನಂಗಡಿಗೆ ಸಾಗಿಸುತ್ತಿದ್ದೆ, ಅವನು ಕಣ್ಣು ಕಿರಿದು ಮಾಡಿ ನೋಡಿ, "ವಿಟ್ಟುಟ್ಟು ಪೋಪ್ಪಾ, ಬಿಟ್ಟು ಹೋಗು, ನಾಳೆ ಬಾ," ಎನ್ನುತ್ತಿದ್ದ. ನಾಳೆ ಅಂದರೆ ಅವನಿಗೆ ಮುಂದಿನ ವಾರ. ಆದರೆ ಅವನು ಮಾಡಿಕೊಟ್ಟ ಪ್ಲೇಟು ಒಂದಾದರೂ ವಾಪಸ್ ಬಂದದ್ದಿಲ್ಲ. ಉಸ್ತಾದರ ಲೋಟದ ಪದ್ಧತಿಯನ್ನು ನಾನು ಇಲ್ಲಿಗೂ ತಂದಿದ್ದೆ. ನೀರು ಯಾರು ಕುಡಿಯಬೇಕು ಅನ್ನುವುದಕ್ಕೆ ನಾವಿಬ್ಬರೂ ಜಗಳವಾಡುತ್ತಿದ್ದೆವು. ಕೊನೆಗೆ ಅರ್ಧ ಅವನು, ಅರ್ಧ ನಾನು.

ಆಗಿನ ಕಾಲಕ್ಕೂ ಈಗಿನದಕ್ಕೂ ಬಹಳ ವ್ಯತ್ಯಾಸವಾಗಿದೆ. ಆಗ ಅನುಮತಿ ಕೇಳುವವರೇ ಕಡಿಮೆ, ಈಗ ಆರ್‌ಟಿಒ ಅನುಮತಿಯಿಲ್ಲದೆ ಯಾರೂ ಎಂಜಿನ್ ಮುಟ್ಟುವ ಹಾಗಿಲ್ಲ, ಅದು ಒಳ್ಳೆಯದೇ. ಕದ್ದ ಎಂಜಿನ್ನು, ಹೊಗೆ ಕಾರುವ ಎಂಜಿನ್ನು ಎಷ್ಟೋ ಗಾಡಿಗಳಲ್ಲಿ ಕೂತು ಓಡಾಡಿದ್ದನ್ನು ನಾನೇ ನೋಡಿದ್ದೇನೆ. ನಾವು ಸ್ಕ್ರೂಡ್ರೈವರಿನ ಒಂದು ತುದಿಯನ್ನು ಎಂಜಿನ್ನಿಗೆ, ಇನ್ನೊಂದು ತುದಿಯನ್ನು ಕಿವಿಗೆ ಒತ್ತಿ ಕೇಳುತ್ತಿದ್ದುದನ್ನು ಈಗ ಸ್ಕ್ಯಾನರ್ ಹೇಳುತ್ತದೆ. ಅದರ ಮೇಲೆ ನನಗೆ ಸಿಟ್ಟಿಲ್ಲ. ನನಗೆ ಕಿವಿ ಕೈಕೊಟ್ಟ ಮೇಲೆ ನಾನೂ ಒಂದು ತಗೊಂಡೆ. ಆದರೆ ನಾನು ಹೇಳಹೊರಟ ವಿಷಯ ಸ್ಕ್ಯಾನರಿಗೂ ಗೊತ್ತಾಗುವುದಿಲ್ಲ, ಲೋಟಕ್ಕೂ ಗೊತ್ತಾಗಲಿಲ್ಲ.

ಒಂದು ದಿನ ಬೆಳಿಗ್ಗೆ ಒಂದು ಹಳೆಯ ಪೆಟ್ರೋಲ್ ಪಿಕಪ್ಪು ಕೆಮ್ಮುತ್ತ ಗ್ಯಾರೇಜಿನೊಳಗೆ ಬಂತು. ನೀಲಿ ಹೊಗೆ, ಎಂಜಿನ್ನಿನೊಳಗೆ ಕಟಕಟ ಸದ್ದು. ಎಡಗಡೆಯಿಂದ ಕಪ್ಪು ಕನ್ನಡಕದ ಗಂಡಸೊಬ್ಬರು ಬಾಗಿಲು ತಡವಿಕೊಂಡು ಇಳಿದರು. ನಾನು ಅವರ ಹತ್ತಿರ ಹೋಗಿ, "ಏನಾಗಿದೆ ಯಜಮಾನ್ರೆ ಗಾಡಿಗೆ?" ಎಂದೆ.

"ನನ್ನನ್ನೇನ್ ಕೇಳ್ತೀರಿ? ನಾನು ಕ್ಲೀನರ್ರು," ಎಂದು ಅವರು ನಕ್ಕರು. "ಡ್ರೈವರಮ್ಮ ಆ ಕಡೆ ಇದಾರೆ, ಅವರನ್ನ ಕೇಳಿ."

ಬಲಗಡೆಯಿಂದ ಇಳಿದವರು ಗಿರಿಜಮ್ಮ. ಕುಂಸಿ ಹತ್ತಿರದ ಹಳ್ಳಿಯವರು. ಸಣ್ಣ ಮೈಕಟ್ಟು, ಸೆರಗನ್ನು ಸೊಂಟಕ್ಕೆ ಬಿಗಿದು ಸಿಕ್ಕಿಸಿದ್ದರು. ಸೀಟಿನ ಮೇಲೆ ಒಂದು ದಿಂಬು ಹಾಕಿಕೊಂಡು ಓಡಿಸುತ್ತಿದ್ದರು, ಇಲ್ಲದಿದ್ದರೆ ರಸ್ತೆ ಕಾಣುತ್ತಿರಲಿಲ್ಲ. ಗಂಡ ಹಾಲೇಶಪ್ಪನವರಿಗೆ ಸಕ್ಕರೆ ಕಾಯಿಲೆಯಿಂದ ಕಣ್ಣು ಮಂಜಾಗುತ್ತ ಬಂದಾಗ, ಪೂರ್ತಿ ಹೋಗುವ ಮೊದಲೇ ಅವರು ಹೆಂಡತಿಗೆ ಗದ್ದೆ ಬಯಲಿನಲ್ಲಿ ಗಾಡಿ ಕಲಿಸಿದ್ದರು. ಅಂದಿನಿಂದ ಸುತ್ತಲ ಹಳ್ಳಿಗಳ ಬೀನ್ಸು, ಮೆಣಸಿನಕಾಯಿ, ಸೌತೆಕಾಯಿ ತುಂಬಿಕೊಂಡು ದಿನಾ ಬೆಳಿಗ್ಗೆ ಶಿವಮೊಗ್ಗದ ತರಕಾರಿ ಮಂಡಿಗೆ ಬರುತ್ತಿದ್ದವರು ಗಿರಿಜಮ್ಮ. ಪಕ್ಕದಲ್ಲಿ ಗಂಡ. ದಾರಿಯುದ್ದಕ್ಕೂ ಅವರು ಕಣ್ಣು ಕಾಣದೆಯೂ "ಎಡಕ್ಕೊಂದು ಗುಂಡಿ ಇರ್ಬೇಕು ನೋಡು" ಎನ್ನುತ್ತಿದ್ದರಂತೆ. ಗುಂಡಿ ಇರುತ್ತಿತ್ತಂತೆ.

ಎಂಜಿನ್ ಬಿಚ್ಚಿ ನೋಡಿದೆ. ಬ್ಲಾಕೇ ಬಿರುಕು ಬಿಟ್ಟಿತ್ತು. ಆ ಮಾದರಿಯ ಎಂಜಿನ್ ಬರುವುದು ನಿಂತು ಎಷ್ಟೋ ಕಾಲವಾಗಿತ್ತು. ಇನ್ನೊಂದು ಗಾಡಿ ನೋಡಿಕೊಳ್ಳಿ ಎಂದು ಹೇಳಬೇಕೆಂದಿದ್ದೆ. ಗಿರಿಜಮ್ಮ ನನ್ನ ಮುಖ ನೋಡಿಯೇ ಅದನ್ನು ತಿಳಿದುಕೊಂಡರು.

"ಬೇರೆ ಗಾಡಿ ಅಂತ ಮಾತ್ರ ಹೇಳ್ಬೇಡಿ ಅಣ್ಣ," ಎಂದರು. "ಅದು ನಮ್ಮ ಕೈಲಿ ಆಗೋದಲ್ಲ. ಈ ಗಾಡಿ ನಿಂತ್ರೆ ನಾನು ಮನೇಲಿ ಕೂರ್ಬೇಕಾಗ್ತೈತೆ. ಮನೇಲಿ ಕೂತಿದ್ದು ಸಾಕಾಗೈತೆ ನಂಗೆ. ಮದ್ವೆಯಾಗಿ ಬಂದಾಗಿಂದ ನಾನು ಇವರ ಹೆಂಡ್ತಿ, ಅವರ ಸೊಸೆ. ಮಂಡಿಯೋರು ಮಾತ್ರ ನನ್ನ ಗಿರಿಜಮ್ಮ ಅಂತ ಕರೆಯೋದು. ಏನಾದ್ರೂ ಮಾಡಿ ಇದನ್ನ ಓಡೋ ಹಾಗೆ ಮಾಡ್ಕೊಡಿ."

ಹಾಲೇಶಪ್ಪನವರು ತಲೆಯಾಡಿಸುತ್ತ ನಿಂತಿದ್ದರು. ನನಗೆ ಆ ಮಾತು ನಾಟಿತು. ಈ ಕೆಲಸ ಮಾಡಿಯೇ ತೀರಬೇಕು ಎಂದುಕೊಂಡೆ. ಆವತ್ತು ಅವರು ಕೇಳಿದ್ದೇನು ಎಂದು ಮತ್ತೊಮ್ಮೆ ಓದಿ ನೋಡಿ. ನಾನು ಕೇಳಿಸಿಕೊಂಡದ್ದು ಕೊನೆಯ ವಾಕ್ಯ ಮಾತ್ರ.

ಅಪಘಾತವಾಗಿ ಗುಜರಿಗೆ ಬಂದಿದ್ದ ಒಂದು ವ್ಯಾನಿನ ಡೀಸೆಲ್ ಎಂಜಿನ್ ಸಿಕ್ಕಿತು. ಕಾಗದಪತ್ರ ಎಲ್ಲ ಸರಿಯಿತ್ತು, ಆರ್‌ಟಿಒ ಅನುಮತಿಗೆ ಹಾಲೇಶಪ್ಪನವರನ್ನು ಕರೆದುಕೊಂಡು ನಾನೇ ಓಡಾಡಿದೆ. ಸೆಲ್ವ ಎಂಜಿನ್ನನ್ನು ಬೆರಳಿನಿಂದ ಬಡಿದು ನೋಡಿ, "ನಲ್ಲ ಎರಕ ಪಾ, ಒಳ್ಳೇ ಗಟ್ಟಿ, ಆನೆ ಥರ ಇದೆ," ಎಂದ. ಆನೆಯ ಹಾಗೇ ಇತ್ತು. ಹಳೆಯ ಪೆಟ್ರೋಲ್ ಎಂಜಿನ್ನನ್ನು ಇಬ್ಬರು ಎತ್ತಿದ್ದೆವು, ಇದಕ್ಕೆ ಚೈನ್ ಬ್ಲಾಕೇ ನರಳಿತು. ಕೂರಿಸಿದ ಕೂಡಲೇ ಗಾಡಿಯ ಮೂತಿ ಕೆಳಗೆ ಬಗ್ಗಿತು. ಅದನ್ನು ನೋಡಿದೆ ನಾನು, ನೋಡಲಿಲ್ಲ ಎನ್ನಲಾರೆ. ಮುಂದಿನ ಸ್ಪ್ರಿಂಗಿಗೆ ಇನ್ನೊಂದು ಪಟ್ಟಿ ಸೇರಿಸಿದೆ. ಮೂತಿ ಮೇಲೆ ಬಂತು, ಗಾಡಿ ನೆಟ್ಟಗೆ ನಿಂತಿತು. ನೆಟ್ಟಗೆ ನಿಂತ ಮೇಲೆ ಭಾರದ ವಿಷಯ ಮುಗಿಯಿತೆಂದು ನಾವು ತಿಳಿದುಕೊಂಡೆವು.

ಇಬ್ಬರೂ ಆ ಗಾಡಿಯ ಮೇಲೆ ಪ್ರಾಣ ಇಟ್ಟು ದುಡಿದೆವು. ಸೆಲ್ವ ಆ ಪ್ಲೇಟನ್ನು ಎರಡು ಸಲ ಕೊರೆದ, ಮೊದಲನೆಯದು ನನಗೆ ಚೆನ್ನಾಗೇ ಕಂಡರೂ ಅವನಿಗೆ ಸಮಾಧಾನವಾಗಲಿಲ್ಲ. ಗೇರ್ ಕಡ್ಡಿಯನ್ನು ಬಗ್ಗಿಸಿ ಮೊದಲಿನ ಜಾಗಕ್ಕೇ ತಂದೆ. ಬಾನೆಟ್ ಒಂದೇ ಸಲಕ್ಕೆ ಮುಚ್ಚಿತು, ಇಬ್ಬರೂ ಕುಣಿದಾಡಿದೆವು. ಲೋಟ ಇಟ್ಟೆವು. ನೀರಿನ ಮೇಲೆ ಉಂಗುರವೂ ಕಾಣಲಿಲ್ಲ. ನನ್ನ ಇಡೀ ಕೆಲಸದ ಜೀವನದಲ್ಲಿ ಅಷ್ಟು ಸುಮ್ಮನೆ ನಿಂತ ನೀರನ್ನು ನಾನು ನೋಡಿಲ್ಲ. ಮರಳು ಮೂಟೆ ಹೇರಿಕೊಂಡು ಬಿ.ಆರ್. ಪ್ರಾಜೆಕ್ಟ್ ಕಡೆಯ ಏರು ಹತ್ತಿಸಿದೆ, ಗಾಡಿ ಬಿಸಿಯಾಗಲಿಲ್ಲ, ಏದುಸಿರು ಬಿಡಲಿಲ್ಲ. ನಾನು ಓಡಿಸಿದೆ, ಸೆಲ್ವ ಓಡಿಸಿದ. ಜೀವಮಾನವಿಡೀ ಕಬ್ಬಿಣ ಎತ್ತಿದ ನಮ್ಮ ತೋಳುಗಳಿಗೆ ಸ್ಟೇರಿಂಗಿನಲ್ಲಿ ಏನೂ ವ್ಯತ್ಯಾಸ ತಿಳಿಯಲಿಲ್ಲ. ಆ ಗಾಡಿಯನ್ನು ಓಡಿಸುವವರು ಒಬ್ಬರು ಬೇರೆಯೇ ಇದ್ದಾರೆ, ಅವರನ್ನು ಒಂದು ಸಲ ಕರೆದು ಕೂರಿಸೋಣ ಎಂದು ನಮ್ಮಿಬ್ಬರಲ್ಲಿ ಒಬ್ಬರಿಗೂ ಹೊಳೆಯಲಿಲ್ಲ.

ಗಾಡಿ ಒಯ್ಯಲು ಗಂಡ ಹೆಂಡತಿ ಬಸ್ಸಿನಲ್ಲಿ ಬಂದರು. ನಾವು ಹೊಸ ಎಂಜಿನ್ನಿನ ಗುಣಗಾನವನ್ನೆಲ್ಲ ಹಾಲೇಶಪ್ಪನವರಿಗೆ ಮಾಡಿದೆವು. ಅವರ ಕೈ ಹಿಡಿದು ಬಾನೆಟ್ ಮೇಲೆ ಇಟ್ಟು ನಡುಕವೇ ಇಲ್ಲ ಎಂದು ತೋರಿಸಿದೆವು. ಅವರು ಮಗುವಿನ ಹಾಗೆ ಸಂತೋಷಪಟ್ಟರು. ಅಷ್ಟರಲ್ಲಿ ಗಿರಿಜಮ್ಮ ಸದ್ದಿಲ್ಲದೆ ಹತ್ತಿ ದಿಂಬು ಸರಿಮಾಡಿಕೊಂಡು ಕೂತಿದ್ದರು. ಸ್ಟೇರಿಂಗ್ ತಿರುಗಿಸಲು ನೋಡಿದರು. ಇನ್ನೊಮ್ಮೆ ಎರಡೂ ಕೈ ಹಾಕಿ ನೋಡಿದರು.

"ಸ್ವಲ್ಪ ಬಿಗಿ ಐತಲ್ಲಣ್ಣ ಇದು?"

ನಾನು ಬಾಯಿ ತೆರೆಯುವ ಮೊದಲೇ ಸೆಲ್ವ ಹೇಳಿದ: "ಹೊಸ ಕೆಲ್ಸ ಅಲ್ವಾಮ್ಮ, ಓಡ್ತಾ ಓಡ್ತಾ ಸಡಿಲ ಆಗತ್ತೆ." ನಾನೂ ಹೂಂ ಎಂದೆ. ಗ್ರೀಸ್ ಹಿಡಿದ ಮೇಲೆ ಸರಿಹೋಗುತ್ತದೆ ಎಂದೇ ನನ್ನ ಮನಸ್ಸಿನಲ್ಲೂ ಇತ್ತು. ಅವರು ಮತ್ತೆ ಕೇಳಲಿಲ್ಲ. ನಮ್ಮ ಗೇಟಿನಿಂದ ರಸ್ತೆಗೆ ತಿರುಗಿಸುವಾಗ ಅವರು ಸೀಟಿನಿಂದ ಅರ್ಧ ಎದ್ದು, ಇಡೀ ಮೈಭಾರವನ್ನು ಹಾಕಿ ಸ್ಟೇರಿಂಗನ್ನು ಎಳೆದರು. ನಾವಿಬ್ಬರೂ ಚಪ್ಪಾಳೆ ತಟ್ಟಿದೆವು. "ಎಂಥ ಗಟ್ಟಿ ಹೆಂಗಸು ಮಾರಾಯ," ಎಂದೆ ನಾನು. ಆಮೇಲೆ ಒಳಗೆ ಹೋಗಿ, ಎತ್ತಿಟ್ಟಿದ್ದ ಲೋಟದ ನೀರನ್ನು ಹಂಚಿಕೊಂಡು ಕುಡಿದೆವು.

ಸ್ವಲ್ಪ ಕಾಲದ ನಂತರ ಆ ಗಾಡಿ ಆಯಿಲ್ ಬದಲಿಸಲು ಬಂತು. ಓಡಿಸಿಕೊಂಡು ಬಂದವನು ಪ್ರವೀಣ, ಹಾಲೇಶಪ್ಪನವರ ಅಣ್ಣನ ಮಗ. ಗಟ್ಟಿಮುಟ್ಟಾದ ಆಳು, ಮಾತಿನಲ್ಲೂ ಚುರುಕು. ಗಾಡಿಯನ್ನು ಚೆನ್ನಾಗಿಯೇ ಇಟ್ಟುಕೊಂಡಿದ್ದ.

"ಗಿರಿಜಮ್ಮ ಎಲ್ಲಿ?" ಎಂದೆ.

"ಚಿಕ್ಕಮ್ಮ ಮನೇಲಿದಾರೆ ಅಂಕಲ್, ಆರಾಮಾಗಿ. ಮಂಡಿಗೆ ಈಗ ನಾನೂ ಚಿಕ್ಕಪ್ಪನೂ ಹೋಗ್ತೀವಿ."

"ಒಳ್ಳೇದಾಯ್ತು ಬಿಡು. ಪಾಪ, ಎಷ್ಟು ಅಂತ ದುಡೀತಾರೆ," ಎಂದೆ. ನಿಜವಾಗಿಯೂ ಒಳ್ಳೆಯದಾಯಿತು ಎಂದೇ ಅಂದುಕೊಂಡಿದ್ದೆ. ಆಮೇಲೆ ಪ್ರತಿ ಸಲವೂ ಪ್ರವೀಣನೇ ಬಂದ. ಪ್ರತಿ ಸಲವೂ ಎಂಜಿನ್ ಹೇಗಿದೆ ಎಂದು ಕೇಳಿದೆ. ಪ್ರತಿ ಸಲವೂ ಅವನು ಹೆಬ್ಬೆರಳು ಎತ್ತಿ ತೋರಿಸಿದ. ಕೆಲಸ ಕಲಿಯಲು ಬಂದವರಿಗೆಲ್ಲ ನಾನು ಆ ಗಾಡಿಯ ಬಾನೆಟ್ ಎತ್ತಿ ತೋರಿಸುತ್ತಿದ್ದೆ. ನೋಡ್ರೋ, ಕೆಲಸ ಅಂದ್ರೆ ಇದು ಅಂತ.

ವರ್ಷಗಳು ಕಳೆದವು. ಗ್ಯಾರೇಜು ಬಿಡುವುದಕ್ಕೆ ಸ್ವಲ್ಪ ಮುಂಚೆ ಕುಂಸಿಯ ಆಚೆ ಕೆಟ್ಟು ನಿಂತ ಒಂದು ಗಾಡಿಯನ್ನು ನೋಡಲು ಹೋಗಿದ್ದೆ. ಗಿರಿಜಮ್ಮನವರ ಊರು ಅಲ್ಲೇ ಹತ್ತಿರ ಎಂದು ನೆನಪಾಗಿ ಹೊಕ್ಕೆ. ಅಂಗಳದಲ್ಲಿ ಗೋಣಿತಾಟು ಹಾಸಿ ಕೂತು ಅವರು ಹಸಿಮೆಣಸಿನಕಾಯಿ ಆರಿಸುತ್ತಿದ್ದರು. ಗಾಡಿ ಮಂಡಿಗೆ ಹೋಗಿತ್ತು. ನನ್ನನ್ನು ಕಂಡು ಎದ್ದು ಒಳಗೆ ಹೋಗಿ ಮಜ್ಜಿಗೆ ತಂದುಕೊಟ್ಟರು. ಮನೆಯವರ ಆರೋಗ್ಯ, ಮಳೆ, ಮೆಣಸಿನಕಾಯಿ ರೋಗ ಎಲ್ಲ ಮಾತಾಡಿದೆವು. ಕೊನೆಗೆ ನಾನೇ ಕೇಳಿದೆ, ಹೊಗಳಿಸಿಕೊಳ್ಳುವ ಆಸೆಯಿಂದ.

"ಗಾಡಿ ಹೇಗೈತಮ್ಮ ನಮ್ದು?"

"ಗಾಡಿಗೇನಣ್ಣ, ಚೆನ್ನಾಗೈತೆ. ನಂಗೆ ಓಡ್ಸಕ್ಕೆ ಆಗಲ್ಲ, ಅಷ್ಟೆ."

ನನಗೆ ಅರ್ಥವಾಗಲಿಲ್ಲ. ಅವರು ಮೆಣಸಿನಕಾಯಿ ಆರಿಸುತ್ತಲೇ ಹೇಳಿದರು. ಹೊರಗಿನ ರಸ್ತೆಯಲ್ಲಿ ಹೇಗೋ ಓಡಿಸುತ್ತಿದ್ದರಂತೆ. ಆದರೆ ಮಂಡಿಯೊಳಗೆ ನಿಧಾನಕ್ಕೆ ತಿರುಗಿಸಬೇಕು, ಹಿಂದಕ್ಕೆ ತೆಗೆಯಬೇಕು. ಎಂಜಿನ್ನಿನ ಭಾರವೆಲ್ಲ ಮುಂದಿನ ಚಕ್ರಗಳ ಮೇಲೆ ಬಿದ್ದು ಅಲ್ಲಿ ಸ್ಟೇರಿಂಗ್ ಕಲ್ಲಾಗುತ್ತಿತ್ತು. ಭುಜ ಹಿಡಿದುಕೊಂಡಿತು, ರಾತ್ರಿ ಕೈ ಎತ್ತಿ ತಲೆ ಬಾಚಲು ಆಗುತ್ತಿರಲಿಲ್ಲ.

"ಒಂದಿನ ಒಬ್ರು ಬಂದು, ಇಳೀರಮ್ಮ, ನಾನು ಹಾಕ್ಕೊಡ್ತೀನಿ ಅಂದ್ರು. ಇಳ್ದೆ. ಮಾರನೇ ದಿನಾನೂ ಇಳ್ಸಿದ್ರು. ಆಮೇಲೆ ನನ್ನ ಗಾಡಿ ಬಂದ್ರೆ ಸಾಕು, ಹಮಾಲರೆಲ್ಲಾ ನಗ್ತಾ ನಿಂತ್ಕೊಳ್ಳೋರು, ಯಾರು ಇಳ್ಸೋದು ಇವತ್ತು ಅಂತ. ಇವ್ರಿಗೆ ಕಣ್ಣು ಕಾಣದಿದ್ರೂ ಕಿವಿ ಕೇಳ್ತೈತಲ್ಲ. ಬೇಡ ಬಿಡು ಗಿರಿಜಾ ಅಂದ್ರು. ಪ್ರವೀಣನ್ನ ಕರೆದ್ರು. ಗಾಡಿ ಮುಂದ್ಗಡೆ ಇಬ್ರಿಗೇ ಜಾಗ. ವ್ಯಾಪಾರ ಗೊತ್ತಿರೋದು ಇವ್ರಿಗೆ ಅಂತ ಇವ್ರು ಹೋದ್ರು. ನಾನು ಉಳ್ಕೊಂಡೆ."

ನನ್ನ ಕೈಯಲ್ಲಿದ್ದ ಮಜ್ಜಿಗೆ ಹಾಗೇ ಉಳಿಯಿತು. "ನನಗೊಂದು ಮಾತು ಹೇಳಬಾರದಾಗಿತ್ತೇನಮ್ಮ?" ಎಂದೆ.

ಅವರು ತಲೆಯೆತ್ತಿ ನನ್ನ ಮುಖ ನೋಡಿದರು. ಸಿಟ್ಟಿರಲಿಲ್ಲ, ಆಶ್ಚರ್ಯವಿತ್ತು.

"ಹೇಳಿದ್ನಲ್ಲಣ್ಣ, ಅವತ್ತೇ."

ಗಾಡಿ ನಿಲ್ಲಬಾರದು, ನಿಂತರೆ ನಾನು ಮನೆಯಲ್ಲಿ ಕೂರಬೇಕಾಗುತ್ತದೆ ಎಂದು ಬೇಡಿಕೊಂಡಿದ್ದವರು ಈ ಹೆಂಗಸು. ಗಾಡಿ ಒಂದು ದಿನವೂ ನಿಲ್ಲಲಿಲ್ಲ. ಅವರನ್ನು ಮಾತ್ರ ಮನೆಯಲ್ಲಿ ಕೂರಿಸಿಬಿಟ್ಟಿತು. ವಾಪಸ್ ಬರುವಾಗ ಬಸ್ಸಿನಲ್ಲಿ ನನಗೆ ತಲೆಯೆತ್ತಿ ಕೂರಲು ಆಗಲಿಲ್ಲ. ಕೆಲಸ ಕೆಟ್ಟು ಹೋಗಿದ್ದರೆ ಬೈಸಿಕೊಂಡು ಸರಿಮಾಡಿಕೊಡುತ್ತಿದ್ದೆ. ಕೆಲಸ ಇಷ್ಟು ಚೆನ್ನಾಗಿ ಆದದ್ದರಿಂದಲೇ ಯಾರಿಗೂ ಏನೂ ಗೊತ್ತಾಗಲಿಲ್ಲ. ಆ ದುಃಖ ಇವತ್ತಿಗೂ ಹೋಗಿಲ್ಲ.

ಸೆಲ್ವ ಆಗಲೇ ಲೇತ್ ಮಾರಿ ತಿರುಚ್ಚಿಯ ಮಗಳ ಮನೆಗೆ ಹೋಗಿದ್ದ. ಫೋನ್ ಮಾಡಿ ಹೇಳಿದೆ. ಅವನಿಗೆ ಆ ಗಾಡಿ ಕೂಡಲೇ ನೆನಪಾಯಿತು. "ಅದು ನಮ್ಮ ಫಸ್ಟ್ ಕ್ಲಾಸ್ ಕೆಲ್ಸ ಅಲ್ವಾಪ್ಪಾ," ಎಂದ. ನಾನು ಎಲ್ಲ ಹೇಳಿ ಮುಗಿಸಿದ ಮೇಲೆ, "ನೀರು ಅಲ್ಲಾಡ್ಲಿಲ್ವಲ್ಲಪ್ಪಾ ನಾಗರಾಜಾ," ಎಂದ. ಸಮರ್ಥಿಸಿಕೊಳ್ಳಲು ಹೇಳಿದ್ದಲ್ಲ ಅದು.

ಪವರ್ ಸ್ಟೇರಿಂಗ್ ಹಾಕಿಕೊಡುತ್ತೇನೆ ಎಂದು ನಾನೇ ಹೇಳಿಕಳಿಸಿ ಗಾಡಿ ತರಿಸಿಕೊಂಡೆ. ಇದು ಹೊಸ ವಿದ್ಯೆಯೇನಲ್ಲ, ಆಗಲೂ ಮಾಡಬಹುದಿತ್ತು. ಗುಜರಿಯಲ್ಲಿ ಪಂಪು ಹುಡುಕಿದೆ, ಸ್ಟೇರಿಂಗ್ ಬಾಕ್ಸು ಬದಲಿಸಿದೆ, ಎಂಜಿನ್ನಿನ ಬೆಲ್ಟಿಗೆ ಜೋಡಿಸಿದೆ. ಮೊಣಕಾಲು ನೋವಿನಿಂದ ಕೆಳಗೆ ಮಲಗಲು ಕಷ್ಟವಾಗುತ್ತಿತ್ತು, ಆದರೂ ಇನ್ನೊಬ್ಬರ ಕೈಗೆ ಕೊಡಲು ಮನಸ್ಸಾಗಲಿಲ್ಲ. ಪ್ರವೀಣ ಬಂದು ಗ್ಯಾರೇಜಿನ ಅಂಗಳದಲ್ಲೇ ಒಂದು ಸುತ್ತು ಹೊಡೆದು ಕೂಗಿದ, "ಸೂಪರ್ ಅಂಕಲ್! ಒಂದೇ ಬೆರಳಲ್ಲಿ ತಿರುಗ್ತಾ ಇದೆ!" ಅವನ ಖುಷಿ ನೋಡಿ ನನಗೆ ಕಸಿವಿಸಿಯಾಯಿತು. ನೀನು ಪಕ್ಕಕ್ಕೆ ಬಾ, ಊರಿಗೆ ನಾನೇ ಓಡಿಸಿಕೊಂಡು ಬರುತ್ತೇನೆ ಎಂದೆ.

ಅವರ ಮನೆಯ ಮುಂದೆ ಗಾಡಿ ನಿಲ್ಲಿಸಿದಾಗ ಹಾಲೇಶಪ್ಪನವರು ಜಗುಲಿಯ ಮೇಲೆ ಕೂತಿದ್ದರು. "ಏ ಗಿರಿಜಾ, ಬಾರೆ, ನಾಗಣ್ಣ ಬಂದಿದಾರೆ. ನಿನ್ ಗಾಡಿ ತಂದಿದಾರೆ," ಎಂದು ಕೂಗಿದರು. ನಿನ್ನ ಗಾಡಿ ಎಂದು ಅವರು ಅಂದದ್ದು ಕೇಳಿ ನನಗೆ ಸಮಾಧಾನವಾಯಿತು. ಪ್ರವೀಣ ಇಳಿದು ಚಿಕ್ಕಪ್ಪನ ಪಕ್ಕ ಕೂತ. ಗಿರಿಜಮ್ಮ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದರು. ನಾನು ಇಳಿದು ಡ್ರೈವರ್ ಬಾಗಿಲನ್ನು ತೆರೆದು ಹಿಡಿದು ನಿಂತೆ.

"ಬನ್ನಿ ತಾಯಿ, ಒಂದು ಸುತ್ತು ಹೋಗಿ ಬರಾಣ."

ಅವರು ಗಾಡಿಯ ಮುಂದಿನಿಂದ ಸುತ್ತಿ ಬಂದು, ಎಡಗಡೆಯ ಬಾಗಿಲು ತೆರೆದು ಹತ್ತಿ ಕೂತರು.

ನಾನು ಬಾಗಿಲು ಹಿಡಿದುಕೊಂಡೇ ನಿಂತಿದ್ದೆ. "ಈ ಕಡೆ ಬನ್ನಿ ಗಿರಿಜಮ್ಮ. ನಿಮಗೇ ಅಂತ ಮಾಡಿದ್ದು. ಈಗ ಹಗುರ ಇದೆ, ತಿರುಗಿಸಿ ನೋಡಿ."

"ಅಯ್ಯೋ, ನಂಗ್ಯಾಕಣ್ಣ ಈಗ," ಎಂದು ಅವರು ನಕ್ಕರು. "ಕೈಯೇ ಮರ್ತೋಗೈತೆ. ಮಂಡೀಲೂ ಎಲ್ಲ ಹೊಸಬ್ರು, ನನ್ನ ಗುರ್ತು ಯಾರಿಗೈತೆ? ಪ್ರವೀಣ ಓಡಿಸ್ತಾನೆ ಬಿಡಿ. ನಡೀರಿ, ನೀವೇ ಓಡ್ಸಿ, ನಾನು ಕೂತ್ಕೊಂಡು ನೋಡ್ತೀನಿ."

ಎಷ್ಟು ಹೇಳಿದರೂ ಕೇಳಲಿಲ್ಲ. ನಾನು ಹತ್ತಿ ಕೂತೆ. ಕೆರೆಯ ಕಡೆಗೆ ಹೋಗುವ ರಸ್ತೆಗೆ ತಿರುಗಿಸಿದೆ. ಸ್ಟೇರಿಂಗ್ ಬೆರಳು ಮುಟ್ಟಿದರೆ ತಿರುಗುತ್ತಿತ್ತು. ಹುಡುಗರೇ, ಎಂಜಿನ್ ಕೂರುತ್ತದೆಯೇ ಎಂದು ನನ್ನನ್ನು ಕೇಳುತ್ತೀರಲ್ಲ, ಗಾಡಿ ಓಡಿಸುವವರು ಯಾರು ಎಂದು ಮೊದಲು ಕೇಳಿ. ಅವರನ್ನು ಕರೆದು ಕೂರಿಸಿ. ಬಿಗಿ ಇದೆ ಎಂದು ಅವರು ಹೇಳಿದರೆ ಆ ಮಾತಿನ ಮೇಲೆ ಇನ್ನೊಂದು ಮಾತಾಡಬೇಡಿ.

ಗಿರಿಜಮ್ಮ ಮಡಿಲಲ್ಲಿ ಕೈಯಿಟ್ಟುಕೊಂಡು ಮುಂದಿನ ರಸ್ತೆಯನ್ನೇ ನೋಡುತ್ತಿದ್ದರು. ಕೆರೆ ಏರಿಯ ತಿರುವಿನಲ್ಲಿ ಒಂದು ಕರು ಬೇಲಿ ಹಾರಿ ಗಾಡಿಯ ಮುಂದಕ್ಕೆ ನೆಗೆಯಿತು. ನಾನು ಬ್ರೇಕ್ ಒತ್ತಿದೆ. ನನ್ನ ಕಾಲು ಬ್ರೇಕನ್ನು ಮುಟ್ಟುವ ಮೊದಲೇ, ಪಕ್ಕದಲ್ಲಿ ಕೂತಿದ್ದ ಅವರ ಬಲಗಾಲು ಏನೂ ಇಲ್ಲದ ತಗಡಿನ ನೆಲವನ್ನು ಬಲವಾಗಿ ಒತ್ತಿ ಹಿಡಿದಿತ್ತು.